ಗಗನಮಣಿ ಕಾಫಿಯವರ ಉಚಿತ ವಿಮಾನ

ಚಾಮರಾಜಪೇಟೆ, ಬೆಂಗಳೂರು
೧೨ ಅಕ್ಟೋಬರ್ ೧೯೮೪

ಗಗನಮಣಿ ಕಾಫಿ ವರ್ಕ್ಸ್‌ನ ಮಾಲೀಕರಿಗೆ,
ಕಾಟನ್‌ಪೇಟೆ

ಮಾನ್ಯರೇ,

ತಮ್ಮ ಹುರಿಯುವ ಯಂತ್ರಕ್ಕೂ, ಪುಡಿ ಮಾಡುವ ಯಂತ್ರಕ್ಕೂ, ಇವೆರಡರ ನಡುವೆ ಕಾಫಿ ಬೀಜಕ್ಕೆ ಚಿಕೋರಿಯನ್ನು ಧಾರಾಳವಾಗಿ ಪರಿಚಯ ಮಾಡಿಸುವ ತಮ್ಮ ಕೈಗೂ ನಮಸ್ಕಾರಗಳು. ತಾವು ಕುಶಲವೆಂದು ನಂಬಿದ್ದೇನೆ. ಯುಗಾದಿಯಿಂದ ಈಚೆಗೆ ಸರಿಯಾಗಿ ನಿದ್ದೆ ಬಂದಿಲ್ಲ ಎಂಬುದೊಂದನ್ನು ಬಿಟ್ಟರೆ ನಾವೂ ಕುಶಲವೇ. ಈ ಪತ್ರದ ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸಿದ್ದೇನೆ. ಇದಕ್ಕೆ ದುರುದ್ದೇಶವೇನೂ ಇಲ್ಲ. ತಮ್ಮಂಥ ದೊಡ್ಡವರ ಎದುರಿಗೆ ಕುಳಿತಾಗ ನನ್ನ ಬಾಯಿಂದ ‘ಹೌದು ಸಾರ್’ ಎಂಬ ಎರಡು ಪದಗಳ ಹೊರತು ಬೇರೇನೂ ಹೊರಡುವುದಿಲ್ಲವಾದ್ದರಿಂದ, ಮಿಕ್ಕ ಪದಗಳನ್ನು ಕಾಗದದ ಮೇಲೆ ಇಡಬೇಕಾಗಿದೆ.

ವಿಷಯ ತಮ್ಮ ‘ಗೌರವ ಗ್ರಾಹಕರ ಕಾರ್ಡಿ’ಗೆ ಸಂಬಂಧಿಸಿದ್ದು. ಹಳದಿ ಬಣ್ಣದ, ನಲವತ್ತು ಮನೆಗಳ, ಕಾಫಿ ಗಿಡದ ಮೇಲೆ ವಿಮಾನವೊಂದು ಹಾರುತ್ತಿರುವ ಚಿತ್ರದ ಆ ಕಾರ್ಡನ್ನು ತಾವು ಯುಗಾದಿಯಂದು ಬಿಡುಗಡೆ ಮಾಡಿದಿರಿ. ಅರ್ಧ ಕಿಲೋ ಪುಡಿ ಕೊಂಡರೆ ಒಂದು ಮನೆಗೆ ಒಂದು ಮುದ್ರೆ. ನಲವತ್ತು ಮುದ್ರೆ ತುಂಬಿದವರಿಗೆ, ತಮ್ಮ ಮಾತಿನಲ್ಲೇ ಹೇಳುವುದಾದರೆ, ‘ಬೆಂಗಳೂರಿನಿಂದ ಮಂಗಳೂರಿಗೆ ಉಚಿತ ವಿಮಾನ ಪ್ರಯಾಣ ಹಾಗೂ ಒಳ್ಳೆಯ ಹೋಟೆಲಿನಲ್ಲಿ ಒಂದು ರಾತ್ರಿ ಉಚಿತ ವಾಸ್ತವ್ಯ’. ಈ ವಾಕ್ಯದ ‘ಉಚಿತ’ ಎಂಬ ಪದವನ್ನು ದಯವಿಟ್ಟು ನೆನಪಿನಲ್ಲಿಡಬೇಕು. ನಾವಂತೂ ಇನ್ನು ಮರೆಯುವ ಸಂಭವವಿಲ್ಲ.

ನನ್ನ ಸೋದರತ್ತೆ ತುಳಸಮ್ಮನವರು ಪ್ರಾಥಮಿಕ ಶಾಲೆಯಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ನಾನು ಇರುವುದು ಅವರ ಮನೆಯಲ್ಲೇ. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣ ಎತ್ತದೆ ಕರ್ನಾಟಕದ ನಕ್ಷೆ ಬರೆದು, ಪಶ್ಚಿಮ ಘಟ್ಟವನ್ನು ಗರಗಸದ ಹಲ್ಲಿನಂತೆ ಕೊರೆದು, ಅದರಾಚೆಗೆ ಕಡಲನ್ನು ಅಲೆ ಅಲೆಯಾಗಿ ತುಂಬುತ್ತಿದ್ದ ಅತ್ತೆ, ಸ್ವತಃ ಒಂದು ಕಡೆ ಕೋಲಾರವನ್ನೂ ಇನ್ನೊಂದು ಕಡೆ ತುಮಕೂರನ್ನೂ ದಾಟಿ ಹೋದವರಲ್ಲ. ಘಟ್ಟವನ್ನು ಮೇಲಿನಿಂದ ಒಮ್ಮೆ ನೋಡಿ, ತಾವು ಸಾವಿರಾರು ಮಕ್ಕಳಿಗೆ ಬರೆದುಕೊಟ್ಟ ಗೆರೆ ಸರಿಯೇ ತಪ್ಪೇ ಎಂದು ತಿಳಿದುಕೊಳ್ಳಬೇಕೆಂಬುದು ಅವರ ಆಸೆ. ಇದಕ್ಕೆ ಸ್ವಲ್ಪ ಅವಸರವೂ ಇದೆ. ಅತ್ತೆಯ ಎರಡೂ ಕಣ್ಣುಗಳಲ್ಲಿ ದೃಷ್ಟಿ ಅಂಚಿನಿಂದ ಒಳಕ್ಕೆ ಕಿರಿದಾಗುತ್ತ ಬರುತ್ತಿದೆ. ‘ನೋಡೋದೆಲ್ಲ ಈ ವರ್ಷ ನೋಡ್ಬಿಡಿ ತಾಯಿ, ಮುಂದಿನ ವರ್ಷದ ಮಾತು ನಾನು ಹೇಳಲಾರೆ’ ಎಂದು ಕಣ್ಣಿನ ಡಾಕ್ಟರು ಫೆಬ್ರವರಿಯಲ್ಲಿ ಹೇಳಿದ್ದರು. ಇದರಲ್ಲಿ ಕಾಫಿಯ ದೋಷವೇನಿಲ್ಲ ಎಂದು ತಮ್ಮ ಮನಸ್ಸಮಾಧಾನಕ್ಕಾಗಿ ಸೇರಿಸಿದ್ದೇನೆ.

ಡಾಕ್ಟರು ಹಾಗೆಂದ ಎರಡು ತಿಂಗಳಿಗೆ ತಮ್ಮ ಕಾರ್ಡು ಬಂತು. ತಮ್ಮ ಯೋಜನೆಯ ಸೊಬಗನ್ನು ಎಷ್ಟು ಹೊಗಳಿದರೂ ಕಡಿಮೆ. ಅದರಲ್ಲೂ ಏಕಾದಶಿಯ ದಿನ ಕೊಂಡ ಪುಡಿಗೆ ಎರಡೆರಡು ಮುದ್ರೆ ಎಂಬ ನಿಯಮವನ್ನು ಮಾಡಿದ ಮಹನೀಯರಿಗೆ ನಮ್ಮ ಬೀದಿ ಋಣಿ. ಉಪವಾಸದ ದಿನ ಹೊಟ್ಟೆಗೆ ಬೀಳುವುದು ಕಾಫಿಯೊಂದೇ ಎಂಬ ಗುಟ್ಟು ಕಾಟನ್‌ಪೇಟೆಯವರೆಗೆ ಹೇಗೆ ತಲುಪಿತೋ ತಿಳಿಯದು. ಹುಟ್ಟಿದಾಗಿನಿಂದ ಏಕಾದಶಿ ಎಂದರೇನೆಂದು ಕೇಳದಿದ್ದವರೆಲ್ಲ ಪಂಚಾಂಗ ಹಿಡಿದು ಕುಳಿತರು. ಅತ್ತೆ ಒಂದು ವೇಳಾಪಟ್ಟಿಯನ್ನೇ ಹಾಕಿದರು. ಏಕಾದಶಿಯ ಹೊರತು ಬೇರೆ ದಿನ ಪುಡಿ ಕೊಳ್ಳುವಂತಿಲ್ಲ. ಪ್ರತಿ ಏಕಾದಶಿಗೂ ಒಂದು ಕಿಲೋ, ಅಂದರೆ ನಾಲ್ಕು ಮುದ್ರೆ. ಹತ್ತು ಏಕಾದಶಿಗೆ ವಿಮಾನ. ಇಬ್ಬರಿರುವ ಮನೆಗೆ ಅಷ್ಟು ಪುಡಿ ಏಕೆ ಎಂದು ಕೇಳಬಹುದು. ಮಜ್ಜಿಗೆ ನಿಂತಿತು, ಹಾಲು ಹಾಲಾಗಿ ಲೋಟ ಸೇರುವುದು ನಿಂತಿತು, ಬಂದವರಿಗೆ ನೀರು ಕೊಡುವ ಪದ್ಧತಿಯೂ ನಿಂತಿತು. ಆದರೂ ಉಳಿದದ್ದನ್ನು ಪಕ್ಕದ ಮನೆಯಲ್ಲಿ ಮೆಸ್ ನಡೆಸುವ ಚೂಡಾಮಣಿಯವರು ತೆಗೆದುಕೊಳ್ಳುತ್ತಿದ್ದರು. ಅವರ ಹತ್ತಿರವೂ ಒಂದು ಕಾರ್ಡು ಇತ್ತು. ಅವರಿಗೆ ವಿಮಾನದ ಗೀಳಿಲ್ಲ, ಹೋಟೆಲಿನದು. ‘ಇಪ್ಪತ್ತು ವರ್ಷದಿಂದ ಊರಿಗೆಲ್ಲ ಬಡಿಸ್ತಿದೀನಿ. ಒಂದು ರಾತ್ರಿ ಯಾರಾದ್ರೂ ನನ್ನ ಮುಂದೆ ಎಲೆ ಹಾಕಿ, ಇನ್ನೇನ್ ಬೇಕಮ್ಮಾ ಅಂತ ಕೇಳ್ಲಿ, ಸಾಕು’ ಎಂದು ಅವರು ಅನ್ನುವುದು.

ಮುದ್ರೆ ಹಾಕುತ್ತಿದ್ದವರು ತಮ್ಮ ಏಜೆಂಟರಾದ ಅಂಗಡಿ ಸೊಣ್ಣಪ್ಪನವರು. ಅವರ ಶ್ರದ್ಧೆಯ ಬಗ್ಗೆ ನನ್ನ ತಕರಾರಿಲ್ಲ. ಪ್ರತಿ ಸಲವೂ ಕಾರ್ಡನ್ನು ತಕ್ಕಡಿಯ ಪಕ್ಕದಲ್ಲಿ ನೆಟ್ಟಗೆ ಇಟ್ಟು, ‘ತಡೀರಿ ಟೀಚರಮ್ಮ, ಸೀಲು ಸೊಟ್ಟಗೆ ಬಿದ್ರೆ ವಿಮಾನಾನೂ ಸೊಟ್ಟಗೆ ಹೋಗ್ಬಿಡುತ್ತೆ’ ಎನ್ನುತ್ತ ಉಸಿರು ಬಿಗಿಹಿಡಿದು ಒತ್ತುತ್ತಿದ್ದರು. ನಲವತ್ತನೆಯ ಮುದ್ರೆ ಬಿದ್ದ ದಿನ ಅವರೇ ಒಂದು ಹಿಡಿ ಕಲ್ಲುಸಕ್ಕರೆ ಹಂಚಿದರು.

ಸೆಪ್ಟೆಂಬರ್ ಮೊದಲ ವಾರದಲ್ಲಿ ನಾನು ಕಾರ್ಡು ತೆಗೆದುಕೊಂಡು ತಮ್ಮ ಕಚೇರಿಗೆ ಬಂದೆ. ತಮ್ಮ ಮ್ಯಾನೇಜರು ಶ್ರೀನಿವಾಸಯ್ಯನವರು ಅತ್ಯಂತ ವಿನಯದಿಂದ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, ನನ್ನ ವಿದ್ಯಾರ್ಹತೆ ವಿಚಾರಿಸಿದರು. ಕನ್ನಡ ಎಂ.ಎ. ಎಂದೆ. ಅವರ ಮುಖ ಅರಳಿತು. ‘ಓಹೋ, ಹಾಗಾದ್ರೆ ಕೆಲಸ ಸುಲಭ ಆಯ್ತು. ನೀವೇ ಹೇಳಿ ಸ್ವಾಮಿ, ಉಚಿತ ಅಂದ್ರೆ ಏನು? ತಕ್ಕದ್ದು, ಯೋಗ್ಯವಾದದ್ದು ಅಂತ ತಾನೇ? ಸಮಯೋಚಿತ, ಸಂದರ್ಭೋಚಿತ ಅಂತೀವಲ್ಲ, ಅದೇ ಉಚಿತ ಅಲ್ವೇ?’ ಎಂದು ಕೇಳಿದರು. ನಾನು ಪರೀಕ್ಷೆಯಲ್ಲಿ ಔಚಿತ್ಯದ ಮೇಲೆ ಹದಿನಾರು ಪುಟ ಬರೆದು ತೇರ್ಗಡೆಯಾದವನು. ಸುಳ್ಳು ಹೇಳುವಂತಿರಲಿಲ್ಲ. ‘ಹೌದು ಸಾರ್’ ಎಂದೆ. ‘ನೋಡಿ ಮತ್ತೆ! ಪುಕ್ಕಟೆ ಅಂತ ನಾವೆಲ್ಲಾದ್ರೂ ಅಚ್ಚು ಹಾಕ್ಸಿದೀವಾ? ಟಿಕೆಟ್ ಹಣ ನೀವು ಕಟ್ಟಿ, ತಕ್ಕ ಸೀಟು ನಾವು ಹೇಳಿ ಕೊಡಿಸ್ತೀವಿ. ಹೋಟ್ಲೂ ಅಷ್ಟೇ, ನಿಮ್ಮ ಅಂತಸ್ತಿಗೆ ತಕ್ಕ ಹಾಗೆ’ ಎಂದು ಅವರು ಕಾರ್ಡನ್ನು ಎರಡೂ ಕೈಯಿಂದ ಹಿಂದಿರುಗಿಸಿದರು. ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಇಷ್ಟು ಮರ್ಯಾದೆಯಿಂದ ನನಗೆ ಈವರೆಗೆ ಯಾರೂ ಮೋಸ ಮಾಡಿಲ್ಲ.

ಮನೆಗೆ ಬಂದು ನಡೆದದ್ದನ್ನು ಒಪ್ಪಿಸಿದೆ. ಅತ್ತೆ ಕೈಯಲ್ಲಿದ್ದ ಫಿಲ್ಟರಿನ ಮುಚ್ಚಳವನ್ನು ಕೆಳಗಿಟ್ಟರು. ‘ನೀನು ಹೌದು ಅಂದ್ಯೇನೋ?’ ಎಂದರು. ಆ ಅರ್ಥವೂ ಇದೆ ಅತ್ತೆ, ಎಂದೆ. ‘ನಿನಗೆ ಎಂ.ಎ. ಕೊಟ್ಟೋರು ಜೊತೆಗೊಂದು ಬಾಯಿ ಕೊಡೋದು ಮರ್ತಿದಾರೆ’ ಎಂದು ಒಳಕ್ಕೆ ಹೋದರು. ಅಂದಿನ ಸಂಜೆ ನನಗೆ ಕಾಫಿ ಸಿಗಲಿಲ್ಲ. ಏಪ್ರಿಲ್‌ನಿಂದ ಆ ಮನೆಯಲ್ಲಿ ಯಾರಿಗಾದರೂ ಕಾಫಿ ತಪ್ಪಿದ್ದು ಅದೇ ಮೊದಲು.

ಮಾನ್ಯರೇ, ಹೊಸ ಅರ್ಥವೊಂದನ್ನು ದಯಪಾಲಿಸಿದ ಮೇಲೆ ಅದರ ಜವಾಬ್ದಾರಿಯನ್ನೂ ತಾವೇ ಹೊರಬೇಕಾಗುತ್ತದೆ. ರಾಮೋತ್ಸವದ ಚಪ್ಪರದಲ್ಲಿ ಪ್ರತಿ ವರ್ಷ ‘ಉಚಿತ ಪ್ರವೇಶ’ ಎಂದು ಬರೆದಿರುತ್ತಾರೆ. ಈವರೆಗೆ ನಾವೆಲ್ಲ ನುಗ್ಗಿ ಕುಳಿತು ಸಂಗೀತ ಕೇಳಿದ್ದೇವೆ. ಅದು ಯೋಗ್ಯರಿಗೆ ಮಾತ್ರ ಪ್ರವೇಶ ಎಂದಾದರೆ, ಕೇಳಿದ ಸಂಗೀತವನ್ನು ಎಲ್ಲಿ ಹಿಂದಿರುಗಿಸಬೇಕು? ಸರ್ಕಾರಿ ಆಸ್ಪತ್ರೆಯ ‘ಉಚಿತ ಔಷಧಿ’ ಎಂದರೆ ರೋಗಕ್ಕೆ ತಕ್ಕ ಔಷಧಿ ಎಂದಾದಲ್ಲಿ, ಅಲ್ಲಿನ ಅನುಭವಕ್ಕೂ ಈ ಅರ್ಥಕ್ಕೂ ಹೊಂದಿಕೆಯಾಗುವುದಿಲ್ಲ. ಆದ್ದರಿಂದ ಒಬ್ಬ ಪೈಂಟರನ್ನು ಏಣಿಯೊಡನೆ ಕಳಿಸಿ, ಊರಿನ ಎಲ್ಲ ಬೋರ್ಡುಗಳಲ್ಲೂ ಈ ಪದದ ಪಕ್ಕದಲ್ಲಿ ತಮ್ಮ ವಿವರಣೆಯನ್ನು ಬರೆಸಬೇಕಾಗಿ ಪ್ರಾರ್ಥನೆ. ಅದು ಕಷ್ಟವೆನಿಸಿದರೆ ಪಶ್ಚಿಮ ಘಟ್ಟವನ್ನೇ ಕಿತ್ತು ತಂದು ತಮ್ಮ ಗೋದಾಮಿನ ಹಿಂದೆ ಇರಿಸಿ. ಅತ್ತೆ ಮಹಡಿ ಹತ್ತಿ ನೋಡಿಕೊಳ್ಳುತ್ತಾರೆ. ಅದೂ ಆಗದಿದ್ದರೆ ಅವರ ಕಣ್ಣುಗಳಿಗೆ ತಮ್ಮ ಲೆಟರ್‌ಹೆಡ್ಡಿನಲ್ಲಿ ಒಂದು ನೋಟಿಸು ಕಳಿಸಿಕೊಡಿ: ‘ಗ್ರಾಹಕರ ಕೋರಿಕೆಯು ಪರಿಶೀಲನೆಯಲ್ಲಿರುವ ಕಾರಣ ಮುಂದಿನ ಆದೇಶದವರೆಗೆ ಕಾಣುತ್ತಿರತಕ್ಕದ್ದು’ ಎಂದು. ತಮ್ಮ ಮಾತಿನ ಶಕ್ತಿಯಲ್ಲಿ ನನಗೆ ಈಗ ಪೂರ್ಣ ವಿಶ್ವಾಸವಿದೆ.

ಇಷ್ಟಕ್ಕೇ ನಿಂತಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ, ಏಕೆಂದರೆ ಬರೆಯದೆ ಇರುವುದು ನನ್ನ ಸ್ವಭಾವಕ್ಕೆ ಸುಲಭ. ಆದರೆ ಕಳೆದ ಭಾನುವಾರ ಶ್ರೀನಿವಾಸಯ್ಯನವರು ಸ್ವತಃ ನಮ್ಮ ಮನೆಗೆ ದಯಮಾಡಿಸಿದರು. ಕೈಯಲ್ಲಿ ಅರ್ಧ ಕಿಲೋ ಪೊಟ್ಟಣವಿತ್ತು. ಅತ್ತೆಯ ಮುಂದೆ ಅದನ್ನು ಇಟ್ಟು, ‘ತಗೊಳ್ಳಿ ತಾಯಿ, ಇದು ಉಚಿತ’ ಎಂದರು. ಅತ್ತೆ ಕನ್ನಡಕ ಸರಿಮಾಡಿಕೊಂಡು, ‘ಎಷ್ಟಾಗುತ್ತೆ?’ ಎಂದು ಕೇಳಿದರು. ‘ಛೆ ಛೆ, ದುಡ್ಡೇನಿಲ್ಲ, ಉಚಿತ’ ಎಂದರು. ‘ಅದೇ ಕೇಳ್ತಿರೋದು ನಾನು. ಉಚಿತ ಅಂದ್ರಲ್ಲ, ನಮ್ಮ ಅಂತಸ್ತಿಗೆ ತಕ್ಕ ಹಾಗೆ ಎಷ್ಟು ಕೊಡ್ಲಿ ಹೇಳಿ’ ಎಂದರು ಅತ್ತೆ. ತಮ್ಮ ಮ್ಯಾನೇಜರ ಮುಖ ತಮ್ಮ ಪುಡಿಗಿಂತ ಹೆಚ್ಚು ಹುರಿದ ಬಣ್ಣಕ್ಕೆ ತಿರುಗಿತು. ಅವರಿಗೆ ಕಾಫಿ ಕೊಟ್ಟೆವು. ಅವರೇ ಮಾರಿದ ಪುಡಿಯದು. ಅರ್ಧ ಲೋಟ ಕುಡಿದು ಪಕ್ಕಕ್ಕಿಟ್ಟರು. ಅವರ ರುಚಿಯ ಬಗ್ಗೆ ನನಗೆ ಗೌರವ ಹೆಚ್ಚಾಯಿತು.

ಆಮೇಲೆ ಅವರು ಜೇಬಿನಿಂದ ಎರಡು ಕಾಗದ ತೆಗೆದರು. ಒಂದು, ತುಳಸಮ್ಮನವರ ಹೆಸರು ಬರೆದಿದ್ದ ಮಂಗಳೂರಿನ ವಿಮಾನದ ಟಿಕೆಟ್ಟು. ಒಂದೇ ಒಂದು ಪೈಸೆ ಕೊಡಬೇಕಾಗಿಲ್ಲದ, ಹಳೆಯ ಅರ್ಥದಲ್ಲೇ ಉಚಿತವಾದದ್ದು. ಇನ್ನೊಂದು, ಬೆರಳಚ್ಚು ಮಾಡಿದ ಪ್ರಮಾಣಪತ್ರ: ‘ಕನ್ನಡ ಎಂ.ಎ. ಪದವೀಧರನಾದ ನಾನು, ಉಚಿತ ಎಂಬ ಪದಕ್ಕೆ ಯೋಗ್ಯ ಎಂಬುದೊಂದೇ ಅರ್ಥವೆಂದೂ, ಪುಕ್ಕಟೆ ಎಂಬ ಅರ್ಥ ಎಲ್ಲಿಯೂ ಇಲ್ಲವೆಂದೂ ದೃಢೀಕರಿಸುತ್ತೇನೆ.’ ‘ಇನ್ನೂ ಐವತ್ತೊಂದು ಕಾರ್ಡು ತುಂಬ್ಕೊಂಡು ಕೂತಿವೆ ಸಾರ್. ಅವರೆಲ್ಲ ಬಂದಾಗ ತೋರ್ಸೋಕೆ ನಿಮ್ಮಂಥ ವಿದ್ವಾಂಸರ ಒಂದು ಸೈನ್ ಇದ್ರೆ ಸಾಕು’ ಎಂದರು. ನನ್ನನ್ನು ವಿದ್ವಾಂಸ ಎಂದು ಕರೆದ ಮೊದಲಿಗರು ಅವರು.

ಪೆನ್ನನ್ನೂ ಅವರೇ ಕೊಟ್ಟರು. ನಾನು ತೆಗೆದುಕೊಂಡೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಡಾಕ್ಟರು ಕೊಟ್ಟಿದ್ದ ವರ್ಷದಲ್ಲಿ ಇನ್ನು ಉಳಿದಿರುವುದು ಎರಡೂವರೆ ತಿಂಗಳು. ಟಿಕೆಟ್ಟು ಕಣ್ಣೆದುರಿಗೇ ಇತ್ತು. ಒಂದು ಪದದ ಒಂದು ಅರ್ಥ ಹೋದರೆ ಕನ್ನಡವೇನೂ ಬಡವಾಗುವುದಿಲ್ಲ ಎಂದುಕೊಂಡೆ. ಆಗ ಅತ್ತೆ ಪ್ರಮಾಣಪತ್ರವನ್ನು ಕೈಗೆತ್ತಿಕೊಂಡು, ಈಗೀಗ ಅವರು ಓದುವ ರೀತಿಯಲ್ಲಿ, ಮುಖದ ಹತ್ತಿರ ಹಿಡಿದು ಒಂದೊಂದೇ ಪದವನ್ನು ಹುಡುಕಿ ಓದಿದರು. ಓದಿ ಮುಗಿಸಿ, ‘ಐವತ್ತೊಂದರಲ್ಲಿ ಚೂಡಾಮಣೀದೂ ಸೇರಿದೆಯಾ?’ ಎಂದು ಕೇಳಿದರು. ಶ್ರೀನಿವಾಸಯ್ಯನವರು ಪಕ್ಕಕ್ಕಿಟ್ಟಿದ್ದ ಲೋಟವನ್ನು ಮತ್ತೆ ಕೈಗೆತ್ತಿಕೊಂಡರು. ‘ಘಟ್ಟ ಮೇಲಿಂದ ನೋಡ್ಕೊಂಡು ಬರ್ತೀನಿ, ಸರಿ. ಬಂದ್ಮೇಲೆ ಪಕ್ಕದ್ಮನೇವಳ ಮುಖ ಎಲ್ಲಿಂದ ನೋಡ್ಲಿ?’ ಎಂದು ನನ್ನ ಕೈಯಿಂದ ಪೆನ್ನು ತೆಗೆದು, ಕ್ಯಾಪು ಹಾಕಿ, ತಮ್ಮ ಮ್ಯಾನೇಜರ ಜೇಬಿಗೇ ಸಿಕ್ಕಿಸಿದರು. ಟಿಕೆಟ್ಟನ್ನು ಮಾತ್ರ ಒಮ್ಮೆ ತಿರುಗಿಸಿ ನೋಡಿದರು. ಅದರ ಮೇಲೆ ಕೈ ಸ್ವಲ್ಪ ಹೆಚ್ಚು ಹೊತ್ತೇ ಇತ್ತು. ನಂತರ ಅದನ್ನೂ ವಾಪಸು ಕೊಟ್ಟರು.

ಆದ್ದರಿಂದ, ಸೆಪ್ಟೆಂಬರ್‌ನಲ್ಲಿ ತಮ್ಮ ಕಚೇರಿಯಲ್ಲಿ ಹೇಳಿದ ‘ಹೌದು ಸಾರ್’ ಎಂಬ ಎರಡು ಪದಗಳನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ. ಉಚಿತ ಎಂದರೆ ತಕ್ಕದ್ದು, ನಿಜ. ಉಚಿತ ಎಂದರೆ ಪುಕ್ಕಟೆ, ಅದೂ ಅಷ್ಟೇ ನಿಜ. ಇವೆರಡರಲ್ಲಿ ಯಾವುದನ್ನು ನಂಬಿ ನಾವು ಪುಡಿ ಕೊಂಡೆವೆಂಬುದು ತಮಗೂ ಗೊತ್ತು, ಅಚ್ಚು ಹಾಕಿದವರಿಗೂ ಗೊತ್ತು. ದೀಪಾವಳಿ ಕಳೆದ ಮೇಲಿನ ಸೋಮವಾರ, ಅಂದರೆ ಇಪ್ಪತ್ತೊಂಬತ್ತನೇ ತಾರೀಕು ಬೆಳಿಗ್ಗೆ ಹತ್ತು ಗಂಟೆಗೆ, ತುಂಬಿದ ಕಾರ್ಡುಗಳೊಂದಿಗೆ ನಾವು ತಮ್ಮ ಕಚೇರಿಗೆ ಬರುತ್ತಿದ್ದೇವೆ. ಚಾಮರಾಜಪೇಟೆಯಿಂದ ಹತ್ತೊಂಬತ್ತು ಜನ ಸೊಣ್ಣಪ್ಪನವರ ಅಂಗಡಿಯ ಮುಂದೆ ಸೇರಿ ಹೊರಡುವುದೆಂದು ನಿಶ್ಚಯವಾಗಿದೆ. ಸೊಣ್ಣಪ್ಪನವರೂ ಅಂಗಡಿ ಮುಚ್ಚಿ ಜೊತೆಗೆ ಬರುತ್ತಾರೆ. ಮಿಕ್ಕವರು ಇದನ್ನು ಪತ್ರಿಕೆಯಲ್ಲಿ ಓದಿ ನೇರವಾಗಿ ಅಲ್ಲಿಗೇ ಬರಬಹುದು. ಬೆಂಚು ಸಾಲದಿದ್ದರೆ ಚಾಪೆ ನಾವೇ ತರುತ್ತೇವೆ. ಮಧ್ಯಾಹ್ನದ ಊಟ ಚೂಡಾಮಣಿಯವರ ಮೆಸ್ಸಿನಿಂದ ಬರುತ್ತದೆ. ಎಲ್ಲರಿಗೂ ಟಿಕೆಟ್ಟು ಬರೆದು ಮುಗಿಯುವವರೆಗೆ ತಮ್ಮ ಆತಿಥ್ಯದಲ್ಲಿರಲು ನಮಗೆ ಸಂತೋಷವೇ. ತುಳಸಮ್ಮನವರು ಎಲ್ಲರಿಗಿಂತ ಮುಂದೆ, ತಮ್ಮ ಮೇಜಿಗೆ ಆದಷ್ಟು ಹತ್ತಿರ ಕುಳಿತುಕೊಳ್ಳುತ್ತಾರೆ. ಪಕ್ಕಕ್ಕೆ ಸರಿದರೆ ಅವರಿಗೆ ಈಗ ಯಾರೂ ಕಾಣುವುದಿಲ್ಲ. ಆದ್ದರಿಂದ ತಾವು ದಯವಿಟ್ಟು ಅವರ ಎದುರಿಗೇ ಇರಬೇಕು.

ಪುಕ್ಕಟೆಯಾದ ಗೌರವಗಳೊಂದಿಗೆ,

ತಮ್ಮ ವಿಶ್ವಾಸಿ,
ದೊರೆಸ್ವಾಮಿ
(ತುಳಸಮ್ಮನವರ ಸೋದರಳಿಯ)

ಮತ್ತೊಂದು ಮಾತು: ತಮ್ಮ ಮ್ಯಾನೇಜರು ನಮ್ಮ ಮನೆಯಲ್ಲಿ ಬಿಟ್ಟುಹೋದ ಪ್ರಮಾಣಪತ್ರವನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಅದರಲ್ಲಿದ್ದ ನಾಲ್ಕು ಕಾಗುಣಿತದ ತಪ್ಪುಗಳನ್ನು ಅತ್ತೆ ಕೆಂಪು ಶಾಯಿಯಲ್ಲಿ ತಿದ್ದಿದ್ದಾರೆ. ಇಪ್ಪತ್ತೈದಕ್ಕೆ ಮೂರು ಅಂಕ ಕೊಟ್ಟು, ‘ಪೋಷಕರನ್ನು ಕರೆತರುವುದು’ ಎಂದು ಕೆಳಗೆ ಷರಾ ಬರೆದಿದ್ದಾರೆ. ಸೋಮವಾರ ಶ್ರೀನಿವಾಸಯ್ಯನವರ ಪರವಾಗಿ ತಾವೇ ಬಂದರೆ ಸಾಕಾಗುತ್ತದೆ.