ಟೀವಿ ಅತ್ತೆಗೆ ಸೊಸೆ ಹುಡುಕಿದ್ದು

ಟೀವಿಯಲ್ಲಿ ಆರು ವರ್ಷ ಕೆಟ್ಟವಳಾಗಿ ನಿಂತರೆ ಊರಲ್ಲಿ ಒಳ್ಳೆಯ ಬದನೆಕಾಯಿಯೂ ಸಿಗುವುದಿಲ್ಲ. ತಮಿಳು ಸೀಮೆಯ ನಮ್ಮ ಪೆನ್ನಾಗರಂ ಸಂತೆಯಲ್ಲಿ ಹುಳುಕು ಆರಿಸಿ ಆರಿಸಿ ನನ್ನ ಚೀಲಕ್ಕೆ ಹಾಕುತ್ತಾರೆ. ನಾನು ಕುರಿ ಕಾದವಳು. ಬಸ್ಸಿನ ಬೋರ್ಡು ನೋಡಿಕೊಂಡೇ ಓದು ಕಲಿತು, ಸೇಲಂನಲ್ಲಿ ನಾಟಕ ಮಾಡಿ, ಮದ್ರಾಸಿನ ತಮಿಳು ಸೀರಿಯಲ್‌ವರೆಗೆ ಹೋದವಳು. ವಾರಕ್ಕೊಂದು ಕಂತು. ಪ್ರತಿ ಕಂತಿನಲ್ಲೂ ಸೊಸೆಯನ್ನು ಅಳಿಸುವುದು ನನ್ನ ಕೆಲಸ. ನನ್ನಷ್ಟು ಚೆನ್ನಾಗಿ ಅಳಿಸುವವರು ಇನ್ನೊಬ್ಬರಿಲ್ಲ, ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಫಜೀತಿ ಶುರುವಾದದ್ದು ನನ್ನ ಸ್ವಂತ ಮಗನಿಗೆ ಹೆಣ್ಣು ಹುಡುಕಲು ಹೊರಟಾಗ.

ಒಡವೆ ಎಲ್ಲಿದೆ?

ಹೆಣ್ಣು ನೋಡಲು ಹರೂರಿನ ಬಸ್ಸು ಹತ್ತಿದೆವು. ಆ ವಾರದ ಕಂತಿನಲ್ಲಿ ನಾನು ಸೊಸೆಯ ಒಡವೆ ಬಚ್ಚಿಟ್ಟಿದ್ದೆ. ಪಕ್ಕದವಳು ನನ್ನ ಮುಖ ನೋಡಿದವಳೇ ತನ್ನ ಸರವನ್ನು ಸೆರಗಿನೊಳಗೆ ತುರುಕಿಕೊಂಡಳು. "ಪಾವಂ, ಅಂದ ಪೊಣ್ಣು! ಪಾಪ, ಆ ಹುಡುಗಿ!" ಎಂದು ಹಿಂದಿನ ಸೀಟಿನವಳು ಆ ಸೊಸೆಗಾಗಿ ಮೂಗು ಸೇದಿದಳು.

ಕಂಡಕ್ಟರ್ ಟಿಕೆಟ್ ಹರಿದು ಕೈಗೆ ಕೊಡದೆ ನಿಂತ. "ಒಡವೆ ಎಲ್ಲಿಟ್ಟಿದ್ದೀಯಮ್ಮಾ? ನಮ್ಮ ಮನೆಯವಳು ದಿನಾ ಕೇಳ್ತಾಳೆ."

"ಈಗಲೇ ಹೇಳಿಬಿಟ್ಟರೆ ಬರೋ ವಾರ ಅವಳು ಏನು ನೋಡ್ತಾಳೆ?" ಎಂದೆ.

ಡ್ರೈವರ್ ತಿರುಗಿಯೂ ನೋಡದೆ ಕೂಗಿದ: "ಅಕ್ಕಿ ಡಬ್ಬದಲ್ಲಿ! ಇಡೋದನ್ನ ನಾನೇ ನೋಡ್ದೆ!"

ಡೈರೆಕ್ಟರ್ ಹೇಳಿದ್ದು

ಹೆಣ್ಣಿನ ಮನೆಯಲ್ಲಿ ಹುಡುಗಿಯ ಅಪ್ಪ ನನ್ನ ಮಗನನ್ನು ಏನೂ ಕೇಳಲಿಲ್ಲ. ಅವನ ಸ್ವಂತ ಲೇತ್ ವರ್ಕ್‌ಶಾಪಿನ ಬಗ್ಗೆ ಒಂದು ಮಾತಿಲ್ಲ. ನನ್ನ ಕಡೆ ತಿರುಗಿ, "ಆ ಸೊಸೆ ಎಣ್ಣನ್ನ ಯಾಕಮ್ಮ ಮಳೇಲಿ ಈಚೆಗೆ ತಳ್ಳಿದೆ?" ಎಂದ.

"ಅಯ್ಯೋ, ಅದು ಡೈರೆಕ್ಟರ್ ಹೇಳಿದ್ದಪ್ಪ."

ಅವನು ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಯಾರೋ ಏಳುದ್ರೆ ತಳ್ಳುಬುಡ್ತೀಯಾ? ನಾಳೆ ನನ್ ಮಗಳ್ನ ತಳ್ಳು ಅಂತ ಇನ್ನೊಬ್ಬ ಏಳ್ತಾನೆ!"

ಉಪ್ಪಿಟ್ಟು ತಣ್ಣಗಾಯಿತು. ನಾವು ಎದ್ದು ಬಂದೆವು.

ಹೊಗೆನಕಲ್‌ನ ಸಾಕ್ಷಿ

ಎರಡನೆಯ ಹೆಣ್ಣಿನ ಕಡೆಯವರನ್ನು ಹೊಗೆನಕಲ್‌ಗೆ ಕರೆದೆ. ಸೀರಿಯಲ್‌ನಲ್ಲಿ ನನ್ನ ಸೊಸೆಯಾಗುವ ಹುಡುಗಿಯನ್ನೂ ಮದ್ರಾಸಿನಿಂದ ಕರೆತಂದಿದ್ದೆ. ನಾವಿಬ್ಬರೂ ಎಷ್ಟು ಅನ್ಯೋನ್ಯ ಎಂದು ಅವರು ಕಣ್ಣಾರೆ ನೋಡಲಿ ಎಂಬ ಆಸೆ. ಎಲ್ಲರ ಮುಂದೆ ಅವಳಿಗೆ ಮೀನಿನ ಮುಳ್ಳು ಬಿಡಿಸಿ ತಿನ್ನಿಸಿದೆ. ಅವರ ಮುಖ ಸ್ವಲ್ಪ ಸಡಿಲವಾಯಿತು.

ಆಮೇಲೆ ಹರಿಗೋಲು ಹತ್ತಲು ಹೋದರೆ ಹುಟ್ಟು ಹಾಕುವವನು ಅಡ್ಡ ನಿಂತ.

"ನೀ ಒಂದ್ರಾಗೆ ಕೂತ್ಕ, ಆಯಮ್ಮ ಇನ್ನೊಂದ್ರಾಗೆ ಬರ್ಲಿ."

"ಯಾಕಪ್ಪಾ? ಇಬ್ಬರಿಗೆ ಜಾಗ ಇಲ್ವಾ?"

"ಜಾಗ ಐತೆ. ನಡೂ ನೀರ್ನಾಗೆ ನೀ ತಳ್ಳುಬುಟ್ರೆ ಪೋಲೀಸ್ನೋರು ನನ್ನ ಇಡೀತಾರೆ!"

ಮದ್ರಾಸಿನ ಹುಡುಗಿ ನಕ್ಕೂ ನಕ್ಕೂ ಕಾಲು ಜಾರಿದಳು. ಹಿಡಿಯಲು ಅವಳ ತೋಳಿಗೆ ಕೈ ಹಾಕಿದೆ. ದಡದಲ್ಲಿದ್ದವರೆಲ್ಲ ಒಟ್ಟಿಗೆ ಚೀರಿದರು. ತಿರುಗಿ ನೋಡಿದರೆ ಹೆಣ್ಣಿನ ಕಡೆಯವರು ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಅರ್ಧ ಹೋಗಿದ್ದರು.

ಹಾಲಿನ ಲೋಟ

"ಅವ್ವಾ, ಆ ಸೀರಿಯಲ್ ಬುಟ್ಬುಡು" ಎಂದ ಮಗ. ಅವನಿಗೆ ಆಗಲೇ ಮೂವತ್ತು.

"ನಿನ್ನ ವರ್ಕ್‌ಶಾಪ್ ನಿಂತಿರೋದೇ ಅದರ ಮೇಲೆ. ಬಿಡಲ್ಲ ಕಣೋ!" ಎಂದೆ.

ಮೂರನೆಯ ಹೆಣ್ಣು ಪೆನ್ನಾಗರಂನದೇ, ಟೈಲರಿಂಗ್ ಮಾಡುವವಳು. ಅವಳ ಅಪ್ಪನೂ ಬೇಡವೆಂದು ತಲೆಯಾಡಿಸುತ್ತಿದ್ದ. ಅಷ್ಟರಲ್ಲಿ ಅವಳೇ ಈಚೆ ಬಂದಳು. "ಸುಮ್ಕಿರಪ್ಪ. ಬೇರೆ ಅತ್ತೆ ಆದ್ರೆ ಏನ್ ಮಾಡ್ತಾಳೋ ಯಾರ್ಗೊತ್ತು? ಈಯಮ್ಮ ಮಾಡಾದೆಲ್ಲ ನಂಗೆ ಗೊತ್ತೈತೆ. ಆರ್ ವರ್ಸದಿಂದ ನೋಡ್ತಾ ಇವ್ನಿ."

ಮದುವೆಯಾಯಿತು. ಮೊದಲ ದಿನ ಬೆಳಿಗ್ಗೆ ಎರಡು ಲೋಟ ಹಾಲು ತಂದು, ಅವಳ ಮುಂದೊಂದು, ನನ್ನ ಮುಂದೊಂದು ಇಟ್ಟೆ. ಹಿಂದಿನ ತಿಂಗಳಷ್ಟೇ ಟೀವಿಯಲ್ಲಿ ಸೊಸೆಯ ಹಾಲಿಗೆ ನಿದ್ದೆ ಮಾತ್ರೆ ಬೆರೆಸಿ ಕುಡಿಸಿದ್ದೆ. ಇವಳು ನನ್ನ ಮುಖ ನೋಡಿದಳು, ಲೋಟ ನೋಡಿದಳು. ಎರಡೂ ಲೋಟಗಳನ್ನು ಮೆಲ್ಲಗೆ ಅದಲುಬದಲು ಮಾಡಿ ಗಟಗಟ ಕುಡಿದುಬಿಟ್ಟಳು.

"ಏನೇ ಇದು!" ಎಂದು ಗದರಿದೆ.

"ಕ್ವಾಪ ಮಾಡ್ಕಬ್ಯಾಡ ಅತ್ತೆ. ಟೀವಿಯಾಗಿನ ಆ ದಡ್ಡಿ ಇಂಗೆ ಮಾಡ್ಬಾರ್ದಿತ್ತಾ ಅಂತ ತಿಂಗಳಿಂದ ಒಟ್ಟೆ ಉರೀತಿತ್ತು. ಈಗ ತಣ್ಣಗಾತು."

ಶೂಟಿಂಗಿಗೆ ಹೋದಾಗ ತಡೆಯಲಾರದೆ ಇದನ್ನು ಡೈರೆಕ್ಟರಿಗೆ ಹೇಳಿದೆ. ಅವರು ಕುಣಿದಾಡಿ ಕತೆಗೇ ಸೇರಿಸಿದರು. ನಾನು ಮತ್ತೆ ಹಾಲಿಗೆ ಮಾತ್ರೆ ಬೆರೆಸಿದೆ, ಈ ಸಲ ಸೊಸೆ ಲೋಟ ಬದಲಿಸಿದಳು, ನಾನು ಕುಡಿದೆ, ಮೂರು ಕಂತು ಪ್ರಜ್ಞೆಯಿಲ್ಲದೆ ಬಿದ್ದಿದ್ದೆ.

ಆ ಮೂರು ವಾರವೂ ಸಂತೆಯಲ್ಲಿ ನನಗೆ ಒಳ್ಳೆಯ ಬದನೆಕಾಯಿ ಸಿಕ್ಕಿತು.