ಲೋಕಯ್ಯನ ಬ್ಯಾಟರಿ ಶಾಸ್ತ್ರ

ಕಾರಿನ ಬ್ಯಾಟರಿ ಯಾವ ದಿನ ಕೈಕೊಡುತ್ತದೆ ಎಂದು ಮೊದಲೇ ತಿಳಿಯುವುದು ಹೇಗೆ? ಮಳೆಗಾಲ ಮುಗಿದಂದಿನಿಂದ ಈ ಒಂದು ಕುತೂಹಲ ಲೋಕಯ್ಯನನ್ನು ಹಿಡಿದುಕೊಂಡಿತ್ತು. ಒಂದು ದಿನ ಮೊದಲು ಬದಲಿಸಿದರೆ ಬ್ಯಾಟರಿಯ ಒಂದು ದಿನದ ಆಯುಸ್ಸು ದಂಡ. ಒಂದು ದಿನ ತಡವಾದರೆ ನಡುದಾರಿಯಲ್ಲಿ ಮರ್ಯಾದೆ ದಂಡ. ಸರಿಯಾದ ದಿನ ಇವೆರಡರ ನಡುವೆ ಎಲ್ಲೋ ಅಡಗಿದೆ, ಅದನ್ನು ಹಿಡಿದೇ ತೀರುತ್ತೇನೆ ಎಂದು ಅವನು ಹಟ ತೊಟ್ಟಿದ್ದ. ಹಂಪನಕಟ್ಟೆಯ ಮಿಕ್ಸಿ, ಫ್ಯಾನುಗಳ ಅಂಗಡಿಯಲ್ಲಿ ಮ್ಯಾನೇಜರಾಗಿದ್ದ ಅವನು ಗಿರಾಕಿಗಳಿಗೆ ಮಾತ್ರ, "ಪೂರ್ತಿ ಹಾಳಾಗುವ ಮೊದಲೇ ಬದಲಿಸಿ ಮಾರಾಯ್ರೆ" ಎಂದು ಉಪದೇಶ ಮಾಡುತ್ತಿದ್ದ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಬೆಳಿಗ್ಗೆ ಕೀ ತಿರುಗಿಸಿದರೆ ಎಂಜಿನ್ ಹಳೆಯ ದಮ್ಮಿನ ರೋಗಿಯ ಹಾಗೆ ಕೆಮ್ಮಿ ಕೆಮ್ಮಿ ಏಳುವುದು, ಹಾರ್ನಿನ ದನಿ ಸಣ್ಣಗಾಗುವುದು, ಹೆಡ್‌ಲೈಟು ಹಳದಿಗೆ ತಿರುಗುವುದು, ಈ ಎಲ್ಲ ಲಕ್ಷಣಗಳನ್ನು ಲೋಕಯ್ಯ ಡಾಕ್ಟರನಂತೆ ಗಮನಿಸಿದ್ದ. ಮದ್ದು ಮಾತ್ರ ಮಾಡಿರಲಿಲ್ಲ. ಅದರ ಬದಲಿಗೆ ಇಳಿಜಾರು ಹುಡುಕಿಕೊಂಡಿದ್ದ.

ಮಂಗಳೂರಿನಲ್ಲಿ ಇಳಿಜಾರಿಗೆ ಬರಗಾಲವೇ? ದೇರೆಬೈಲಿನ ಅವನ ಮನೆಯೇ ಒಂದು ಗುಡ್ಡದ ನೆತ್ತಿಯಲ್ಲಿತ್ತು. ರಾತ್ರಿ ಕಾರನ್ನು ಮೂತಿ ಕೆಳಗೆ ಮಾಡಿ ನಿಲ್ಲಿಸುವುದು, ಬೆಳಿಗ್ಗೆ ಬ್ರೇಕ್ ಬಿಡುವುದು, ಉರುಳಿ ವೇಗ ಹಿಡಿದಾಗ ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಡುವುದು. ಎಂಜಿನ್ ಗುರ್ರೆಂದು ಏಳುತ್ತಿತ್ತು. ಕ್ರಮೇಣ ಪೇಟೆಯ ಇಳಿಜಾರುಗಳೆಲ್ಲ ಅವನಿಗೆ ನೆಂಟರಾದವು. ಒಳ್ಳೆಯ ಸಾಮಾನು ಸಿಗುವ ಅಂಗಡಿ ಬಿಟ್ಟು ಒಳ್ಳೆಯ ಇಳಿಜಾರು ಇರುವ ಅಂಗಡಿಗೆ ಹೋಗತೊಡಗಿದ. ಬಾನೆಟ್ ತೆರೆದು ನೋಡುವುದನ್ನೂ ಬಿಟ್ಟುಬಿಟ್ಟ. ಮಲಗಿದ ರೋಗಿಯನ್ನು ಎಬ್ಬಿಸಬಾರದು ಎಂಬುದು ಅವನ ಶಾಸ್ತ್ರ.

ಹೀಗಿರುವಾಗ ಹೆಂಡತಿ ಹೇಮಾಕ್ಷಿಯ ಅಕ್ಕನ ಮಗಳು ಮೋಕ್ಷಾಳ ಸೀಮಂತ ಬಂತು. ಅದೂ ಬೋಳಾರದಲ್ಲಿ, ಹೊಳೆಬದಿಯಲ್ಲಿದ್ದ ಅವಳ ಗಂಡನ ಮನೆಯಲ್ಲಿ. ಆ ಮನೆಯ ಸುತ್ತಮುತ್ತ ನೆಲ ಎಂದರೆ ದೋಸೆ ಕಾವಲಿಯಷ್ಟು ಸಮತಟ್ಟು. ಉರುಟು ಗೋಲಿ ಇಟ್ಟರೂ ಅಲುಗಾಡದು.

"ರಿಕ್ಷಾದಲ್ಲಿ ಹೋಗುವಾ? ಅಲ್ಲಿ ಪಾರ್ಕಿಂಗ್ ಇಲ್ಲ," ಎಂದ ಲೋಕಯ್ಯ.

ರೇಷ್ಮೆಯ ಪಟ್ಟೆ ಸೀರೆಯ ನೆರಿಗೆ ಸರಿಮಾಡುತ್ತಿದ್ದ ಹೇಮಾಕ್ಷಿ ತಲೆಯೆತ್ತಿ ನೋಡಿದಳು. "ಮನೆಯಲ್ಲಿ ಕಾರು ಇಟ್ಕೊಂಡು ಸೀಮಂತಕ್ಕೆ ರಿಕ್ಷಾದಲ್ಲಿ ಹೋಗುದಾ? ಎಂತ, ಬ್ಯಾಟರಿ ವೀಕ್ ಉಂಟಾ? ಉಂಟಾದ್ರೆ ಉಂಟು ಅಂತ ಹೇಳಿ, ನಾನೆಂತ ತಿನ್ನುದಿಲ್ಲ."

"ಬ್ಯಾಟರಿ ಕಲ್ಲಿನ ಹಾಗೆ ಉಂಟು."

"ಹಾಗಾದ್ರೆ ಒಂದು ಪಂಥ. ಇವತ್ತು ಕಾರು ಎಲ್ಲಿಯಾದ್ರೂ ಸ್ಟಾರ್ಟ್ ಆಗದೆ ನಿಂತ್ರೆ ನಾಳೆಯಿಂದ ಕೀ ನನ್ನ ಕೈಯಲ್ಲಿ. ನಾನು ಡ್ರೈವ್ ಮಾಡುದು, ನೀವು ಪಕ್ಕದಲ್ಲಿ ಕೂರುದು."

ಹೇಮಾಕ್ಷಿಗೆ ಲೈಸೆನ್ಸ್ ಸಿಕ್ಕಿ ವರ್ಷಗಳಾಗಿದ್ದರೂ ಸ್ಟಿಯರಿಂಗ್ ಮುಟ್ಟಲು ಲೋಕಯ್ಯ ಬಿಟ್ಟಿರಲಿಲ್ಲ. ಈ ಕಾರಿನ ಸ್ವಭಾವ ತನಗೊಬ್ಬನಿಗೇ ಗೊತ್ತು ಎನ್ನುತ್ತಿದ್ದ. ಆ ಬಲಬದಿಯ ಸೀಟಿನಲ್ಲಿ ಕೂತಾಗ ಅವನಿಗೆ ಸಿಗುವ ಗತ್ತು ಅಂಗಡಿಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಅದು ಹೋದರೆ ಉಳಿಯುವುದೇನು? ಆದರೂ ಗಂಡಸಲ್ಲವೇ, "ಆಯ್ತು" ಎಂದುಬಿಟ್ಟ.

ಮನೆಯ ಇಳಿಜಾರಿನಲ್ಲಿ ಕಾರು ಎಂದಿನಂತೆ ಉರುಳಿ ಎದ್ದಿತು. ಉರ್ವಸ್ಟೋರಿನ ಹತ್ತಿರ ಹೇಮಾಕ್ಷಿ, "ಒಂದು ಚೆಂಡು ಮಲ್ಲಿಗೆ ತಗೊಳ್ಬೇಕು, ನಿಲ್ಸಿ" ಎಂದಳು. ಹೂವಿನ ಅಂಗಡಿಯ ಮುಂದೆ ನೆಲ ಮಟ್ಟಸವಾಗಿತ್ತು. ಲೋಕಯ್ಯ ಕೇಳಿಸದವನಂತೆ ಮುಂದೆ ಹೋಗಿ, ಲೇಡಿಹಿಲ್ಲಿನ ಇಳಿಜಾರು ಕಂಡ ಮೇಲೆಯೇ ಬ್ರೇಕ್ ಒತ್ತಿದ.

"ಮಲ್ಲಿಗೆ ಅಲ್ಲಿ, ಕಾರು ಇಲ್ಲಿ. ನಾನು ಪಟ್ಟೆ ಸೀರೆ ಎತ್ತಿಕೊಂಡು ಅಷ್ಟು ದೂರ ನಡೀಬೇಕಾ?"

"ನಡೆದ್ರೆ ಶುಗರಿಗೆ ಒಳ್ಳೆದು."

"ನನಗೆ ಶುಗರ್ ಇಲ್ಲ."

"ಮತ್ತೆ ಬರ್ಬಾರ್ದಲ್ಲ!"

ಹೇಮಾಕ್ಷಿ ತುಟಿಯಂಚಿನಲ್ಲೇ ನಗುತ್ತ ನಡೆದುಹೋಗಿ ಮಲ್ಲಿಗೆ ತಂದಳು. ಅವಳು ಸಿಟ್ಟಾಗದೆ ಇದ್ದುದು ಲೋಕಯ್ಯನಿಗೆ ಸ್ವಲ್ಪ ವಿಚಿತ್ರವೆನಿಸಿತು. ಅದಕ್ಕಿಂತ ವಿಚಿತ್ರ ಇನ್ನೊಂದಿತ್ತು. ಲಾಲ್‌ಬಾಗಿನಲ್ಲಿ ಅಡ್ಡ ಬಂದ ಸಿಟಿ ಬಸ್ಸಿಗೆ ಹಾರ್ನ್ ಹೊಡೆದರೆ ಅದು ಭೋರೆಂದು ಕೂಗಿ ಬಸ್ಸಿನ ಕಂಡಕ್ಟರನೇ ಬೆಚ್ಚಿಬಿದ್ದ. ಮೂರು ನಾಲ್ಕು ದಿನಗಳಿಂದ ಹೀಗೇ. ಹೆಡ್‌ಲೈಟೂ ಹಾಲಿನಷ್ಟು ಬೆಳ್ಳಗಾಗಿತ್ತು. ಲೋಕಯ್ಯ ಕುತೂಹಲದಿಂದ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದ: ಆರುವ ದೀಪ ಜೋರಾಗಿ ಉರಿಯುತ್ತದೆ. ಬ್ಯಾಟರಿಯ ಕೊನೆಗಾಲ ಬಂದಿದೆ.

ಬೋಳಾರದಲ್ಲಿ ಮನೆಯ ಮುಂದೆ ಕಾರು ನಿಲ್ಲಿಸಿದ ಲೋಕಯ್ಯ ಎಂಜಿನ್ ಮಾತ್ರ ನಿಲ್ಲಿಸಲಿಲ್ಲ. ಹೇಮಾಕ್ಷಿ ಒಳಗೆ ಹೋದಳು. ಇವನು ಕರುವಿನ ಕಾವಲಿಗೆ ನಿಂತ ಹಾಗೆ ಕಾರಿನ ಪಕ್ಕದಲ್ಲೇ ನಿಂತ. ಬಂದವರೆಲ್ಲ ಕೇಳುವವರೇ. "ಒಳಗೆ ಯಾರಾದ್ರೂ ಮಲಗಿದ್ದಾರಾ?" "ಈಗಲೇ ಹೊರಟದ್ದಾ?" ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳಿ ಅವನ ನಾಲಿಗೆ ಒಣಗಿತು. ಕೊನೆಗೆ ಮೋಕ್ಷಾಳ ಗಂಡ ಕಮಲೇಶ್ ಬಂದು, "ಮಾವ, ಎಲೆ ಹಾಕಿ ಆಯ್ತು. ನೀವು ಕೂರದೆ ಹಿರಿಯರು ಯಾರೂ ಕೂರುದಿಲ್ಲ" ಎಂದು ಕೈಹಿಡಿದು ಎಳೆದುಕೊಂಡೇ ಹೋದ.

ಲೋಕಯ್ಯ ಬಾಯಲ್ಲಿ ಊಟ, ಕಿವಿಯಲ್ಲಿ ಎಂಜಿನ್ ಇಟ್ಟುಕೊಂಡು ಕೂತ. ಪಾಯಸ ಎಲೆಗೆ ಬಿದ್ದ ಹೊತ್ತಿಗೆ ಹೊರಗಿನ ಗುರುಗುರು ಸದ್ದು ಪಕ್ಕನೆ ನಿಂತಿತು. ಪಾಯಸ ಗಂಟಲಿನಲ್ಲೇ ನಿಂತಿತು.

ಅಷ್ಟರಲ್ಲಿ ಪಕ್ಕದ ಮನೆಯ ಪೌಲ್ ಮಾಮ ಕರವಸ್ತ್ರದಿಂದ ಕೈ ಒರೆಸುತ್ತ ಒಳಗೆ ಬಂದರು. ಊರಿನಲ್ಲಿ ಎಲ್ಲಿ ನಲ್ಲಿ ಸೋರಿದರೂ, ಹಗಲು ದೀಪ ಉರಿದರೂ ಆರಿಸಿ ಬರುವುದು ನಿವೃತ್ತಿಯ ನಂತರ ಅವರು ವಹಿಸಿಕೊಂಡ ಕೆಲಸ.

"ಆ ಬಿಳಿ ಕಾರು ನಿಮ್ದಾ? ಎಂಥ ಮರೆವು ಮಾರಾಯ್ರೆ! ಎಷ್ಟು ಪೆಟ್ರೋಲ್ ವೇಸ್ಟ್, ಎಷ್ಟು ಹೊಗೆ! ನಾನು ಆಫ್ ಮಾಡಿದೆ. ಕೀ ನಿಮ್ಮ ಮಿಸೆಸ್ಸಿನ ಕೈಯಲ್ಲಿ ಕೊಟ್ಟಿದ್ದೇನೆ. ಥ್ಯಾಂಕ್ಸ್ ಎಲ್ಲ ಬೇಡ."

ಲೋಕಯ್ಯ ಥ್ಯಾಂಕ್ಸ್ ಹೇಳುವ ಸ್ಥಿತಿಯಲ್ಲಿರಲಿಲ್ಲ. ಕೈತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ತೆಂಗಿನ ಮರಕ್ಕೆ ಒರಗಿ ನಿಂತ. ಇನ್ನು ಹೊರಡುವ ಹೊತ್ತಿಗೆ ಅಷ್ಟೂ ನೆಂಟರು ಗೇಟಿನ ಬಳಿ ಬಂದು ನಿಲ್ಲುತ್ತಾರೆ. ಅವಳು ಕೀ ಕೊಡುತ್ತಾಳೆ. ತಿರುಗಿಸಿದರೆ "ಟಕ್". ಅಲ್ಲಿಗೆ ಬಲಬದಿಯ ಸೀಟು ಹೋಯಿತು. ನೆನೆದರೆ ಕಣ್ಣಿನಲ್ಲಿ ನೀರು ಬಂತು.

ಬೇಲಿಯಾಚೆ ದೂಮಪ್ಪ ತನ್ನ ಸಣ್ಣ ಮೀನಿನ ಟೆಂಪೋ ತೊಳೆಯುತ್ತಿದ್ದ. ಕಮಲೇಶನ ಮನೆಯ ಎಲ್ಲ ಸಮಾರಂಭಗಳಲ್ಲೂ ಕಂಡು ಲೋಕಯ್ಯನಿಗೆ ಪರಿಚಯವಿದ್ದವನೇ. "ಎಂತ ಲೋಕಯ್ಯಣ್ಣ, ಊಟ ಸೇರ್ಲಿಲ್ವಾ?" ಎಂದು ಕೇಳಿದ. ಸಂಕಟಕ್ಕೆ ಒಂದು ಕಿವಿ ಸಿಕ್ಕಿತು. ಲೋಕಯ್ಯ ಬೇಲಿಗೆ ಬಾಯಿಟ್ಟು ಎಲ್ಲವನ್ನೂ ಪಿಸುಗುಟ್ಟಿದ.

"ಅಷ್ಟೇ ಅಲ್ವಾ? ನನ್ನ ಹತ್ರ ಒಂದು ಬ್ಯಾಟರಿ ಉಂಟು. ಹಳೇ ಟೆಂಪೋದಿಂದ ತೆಗೆದಿಟ್ಟದ್ದು. ಸೈಜ್ ಆಗ್ತದೆ. ಆದ್ರೆ ಮೊದ್ಲೇ ಹೇಳ್ತೇನೆ, ಗ್ಯಾರಂಟಿ ಕೊಡ್ಲಿಕ್ಕೆ ಆಗುದಿಲ್ಲ. ಒಮ್ಮೊಮ್ಮೆ ಹಿಡೀತದೆ, ಒಮ್ಮೊಮ್ಮೆ ಇಲ್ಲ."

"ನನ್ನದಕ್ಕಿಂತ ಕೆಟ್ಟ ಬ್ಯಾಟರಿ ಈ ಜಿಲ್ಲೆಯಲ್ಲೇ ಇರ್ಲಿಕ್ಕೆ ಸಾಧ್ಯ ಇಲ್ಲ ದೂಮಪ್ಪಣ್ಣ. ಬೇಗ ಹಾಕಿ."

ಕಾರಿನ ಬಾಗಿಲಿಗೆ ಬೀಗ ಬಿದ್ದಿರಲಿಲ್ಲ. ಲೋಕಯ್ಯ ಬಾನೆಟ್ಟಿನ ಕೊಂಡಿ ಎಳೆದು, ಕಾರಿಗೆ ಬೆನ್ನು ಹಾಕಿ, ಮನೆಯ ಬಾಗಿಲಿನ ಮೇಲೆ ಕಣ್ಣು ನೆಟ್ಟು ಪಹರೆ ನಿಂತ. ಹಿಂದೆ ಸ್ಪಾನರಿನ ಸದ್ದು ಒಮ್ಮೆ ಕೇಳಿ ನಿಂತುಹೋಯಿತು.

"ಲೋಕಯ್ಯಣ್ಣ, ಈ ಬ್ಯಾಟರಿ ನೋಡಿದ್ರೆ..."

"ಶ್! ಮಾತಾಡ್ಬೇಡಿ. ಹೇಮಾಕ್ಷಿ ಕಿಟಕಿಯ ಹತ್ರ ಇದ್ದಾಳೆ."

"ಅಲ್ಲ, ಒಮ್ಮೆ ತಿರುಗಿ ನೋಡಿ, ಇದು..."

"ನಾನು ತಿರುಗಿದ್ರೆ ಅವಳು ಬರ್ತಾಳೆ. ತೆಗೀರಿ ಮಾರಾಯ್ರೆ!"

ಸ್ಪಾನರ್ ಮತ್ತೆ ತಿರುಗಿತು. ಕೆಲಸ ಮುಗಿದ ಮೇಲೆ ದೂಮಪ್ಪ ತೆಗೆದ ಬ್ಯಾಟರಿಯನ್ನು ಗೋಣಿಯಲ್ಲಿ ಸುತ್ತಿ ಹಿಡಿದು, ಇನ್ನೂ ಅನುಮಾನದಲ್ಲೇ ಕೇಳಿದ. "ಇದನ್ನು ಎಂತ ಮಾಡುದು?"

"ಹೊಳೆಗೆ ಬಿಸಾಡಿ!"

ದೂಮಪ್ಪ ಲೋಕಯ್ಯನ ಮುಖವನ್ನು ಒಂದು ಗಳಿಗೆ ನೋಡಿದ. ಮನೆಗೆ ಬಂದ ಲಕ್ಷ್ಮಿಯನ್ನು ಯಾರಾದರೂ ಹೊಳೆಗೆ ಬಿಸಾಡುತ್ತಾರೆಯೇ? ತನ್ನ ಟೆಂಪೋಗೆ ಅದನ್ನೇ ಹಾಕಿ, ಒಂದೇ ತಿರುವಿಗೆ ಸ್ಟಾರ್ಟ್ ಮಾಡಿ ಮೀನುದೋಣಿಗಳ ಧಕ್ಕೆಯ ಕಡೆ ಹೊರಟುಹೋದ.

ಸಂಜೆ ಹೊರಡುವ ಹೊತ್ತು. ನೆಂಟರೆಲ್ಲ ಗೇಟಿನ ಬಳಿ ನೆರೆದರು. ಹೇಮಾಕ್ಷಿ ವ್ಯಾನಿಟಿ ಬ್ಯಾಗಿನಿಂದ ಕೀ ತೆಗೆದು, "ಇಲ್ಲಿ ಇಳಿಜಾರು ಇಲ್ವಲ್ಲ, ಎಂತ ಮಾಡ್ತೀರಿ?" ಎಂದು ಕಣ್ಣು ಮಿಟುಕಿಸಿದಳು.

"ಇಳಿಜಾರು ಯಾರಿಗೆ ಬೇಕು?" ಎಂದು ಲೋಕಯ್ಯ ಎದೆಯುಬ್ಬಿಸಿ ಕೂತು ಕೀ ತಿರುಗಿಸಿದ.

ಟಕ್.

ಮತ್ತೆ ತಿರುಗಿಸಿದ. ಈ ಸಲ ಟಕ್ ಕೂಡ ಇಲ್ಲ.

ಹೇಮಾಕ್ಷಿಯ ಮುಖದ ನಗು ಮಾಯವಾಯಿತು. "ಅದು ಹೇಗೆ? ಸಾಧ್ಯವೇ ಇಲ್ಲ. ಬುಧವಾರ ಹೊಸ ಬ್ಯಾಟರಿ ಹಾಕ್ಸಿದ್ದೇನಲ್ಲ!"

"ಯಾರು?"

"ನಾನು! ನೀವು ರೈಲಿನಲ್ಲಿ ಕಾಸರಗೋಡಿಗೆ ಹೋದ ದಿನ ಗ್ಯಾರೇಜಿನ ಜಿತೇಶನನ್ನು ಕರೆಸಿ ಹಾಕ್ಸಿದೆ. ಈ ಜನಕ್ಕೆ ಯಾವಾಗ ಗೊತ್ತಾಗ್ತದೆ ನೋಡುವ ಅಂತ ಕುತೂಹಲ. ನೀವು ದಿನಾ ಉರುಳಿಸ್ತಾ ಇದ್ರಿ, ನಾನು ಒಳಗಿಂದೊಳಗೆ ನಗಾಡ್ತಾ ಇದ್ದೆ."

ಲೋಕಯ್ಯ ಸ್ಟಿಯರಿಂಗ್ ಹಿಡಿದುಕೊಂಡೇ ಕಲ್ಲಾದ. ಕಮಲೇಶ್ ಬಾನೆಟ್ ಎತ್ತಿದ. ಒಳಗೆ ಬೂದುಬಣ್ಣದ, ತುಕ್ಕು ಹಿಡಿದ ಟರ್ಮಿನಲ್ಲಿನ ಒಂದು ಮುದಿ ಬ್ಯಾಟರಿ ಕೂತಿತ್ತು. ಅದರ ನೆತ್ತಿಯ ಮೇಲೆ ಬಂಗುಡೆ ಮೀನಿನ ಬಾಲದ ಒಂದು ತುಂಡು ಒಣಗಿ ಅಂಟಿತ್ತು.

"ಕಳ್ಳತನ!" ಎಂದರು ಪೌಲ್ ಮಾಮ. "ಹಾಡಹಗಲೇ ಬದಲಾಯಿಸಿ ಹೋಗಿದ್ದಾರೆ! ಕಮಲೇಶ್, ಪೊಲೀಸಿಗೆ ಫೋನ್ ಮಾಡು. ಹಾಂ, ಈಗ ನೆನಪಾಯ್ತು. ದೂಮಪ್ಪ ಗೋಣಿಯಲ್ಲಿ ಎಂತದೋ ಭಾರದ್ದು ಹಿಡ್ಕೊಂಡು ಹೋಗುದನ್ನು ನಾನು ಕಣ್ಣಾರೆ ಕಂಡಿದ್ದೇನೆ!"

ಗುಂಪು ಗುಜುಗುಜು ಎಂದಿತು. ಕಮಲೇಶ್ ಫೋನ್ ತೆಗೆದೇಬಿಟ್ಟ. ಸುಮ್ಮನಿದ್ದರೆ ಮಾನ ಉಳಿಯುತ್ತದೆ, ಆದರೆ ಪಾಪದ ದೂಮಪ್ಪ ಠಾಣೆಗೆ ಹೋಗುತ್ತಾನೆ. ಲೋಕಯ್ಯ ದಡ್ಡನಿರಬಹುದು, ಕೆಟ್ಟವನಲ್ಲ. "ಪೊಲೀಸ್ ಬೇಡ," ಎಂದು ತಲೆ ತಗ್ಗಿಸಿ ಇಳಿದ. "ನಾನೇ ಕೊಟ್ಟದ್ದು."

ಬೇಲಿಯ ಕತೆಯಿಂದ ಹೊಳೆಯ ಮಾತಿನ ತನಕ ಎಲ್ಲವನ್ನೂ ಹೇಳಬೇಕಾಯಿತು. ಮೊದಲು ತುಂಬುಬಸುರಿ ಮೋಕ್ಷಾ ಕಿಸಕ್ಕೆಂದಳು. ಅಷ್ಟೇ, ಸೀಮಂತದ ಮನೆಗೆ ಮನೆಯೇ ಬಿದ್ದು ಬಿದ್ದು ನಕ್ಕಿತು.

ಹೇಮಾಕ್ಷಿ ಕಣ್ಣೊರೆಸಿಕೊಂಡಳು. "ಹೊಸ ಬ್ಯಾಟರಿ ಇರುವಾಗ ಕಾರು ನಿಲ್ಲುದು ಹೇಗೆ? ನಿಮ್ಮನ್ನು ಹೆದರಿಸಿ ನೋಡ್ಲಿಕ್ಕೆ, ಸೋಲ್ಬೇಕು ಅಂತಲೇ ಪಂಥ ಕಟ್ಟಿದ್ದೆ. ನೀವೇ ಕಷ್ಟಪಟ್ಟು ನನ್ನನ್ನು ಗೆಲ್ಲಿಸಿದ್ರಿ. ಇನ್ನು ಹಿಂದೆ ಹೋಗಿ, ದೂಡಿ."

ಅವಳು ಸೆರಗು ಸಿಕ್ಕಿಸಿ ಬಲಬದಿಯ ಸೀಟಿನಲ್ಲಿ ಕೂತಳು. ಲೋಕಯ್ಯ, ಕಮಲೇಶ್ ಮತ್ತು ನಾಲ್ಕು ಜನ ನೆಂಟರು ದೂಡಿದರು. ಪೌಲ್ ಮಾಮ ದೂಡುವ ಕ್ರಮ ಹೇಳಿಕೊಟ್ಟರು. ಕಾರು ಒಮ್ಮೆ ಕುಲುಕಿ, ಕೆಮ್ಮಿ, ಎದ್ದು ಓಡಿತು.

"ನಿಲ್ಸು! ನಾನು ಹತ್ತಿಕೊಳ್ತೇನೆ!" ಲೋಕಯ್ಯ ಪಂಚೆ ಎತ್ತಿ ಹಿಂದೆ ಓಡಿದ.

"ನಿಲ್ಲಿಸಿದ್ರೆ ಆಫ್ ಆದೀತು!" ಕಿಟಕಿಯಿಂದ ಕೂಗು ಬಂತು. "ನೀವು ಬಸ್ಸಿನಲ್ಲಿ ಬನ್ನಿ!"

ಕಾರು ತಿರುವಿನಲ್ಲಿ ಮರೆಯಾಯಿತು. ಅವಳು ಚೆನ್ನಾಗಿಯೇ ಓಡಿಸುತ್ತಾಳೆ ಎಂಬುದು ಲೋಕಯ್ಯನಿಗೆ ಇನ್ನೂ ಹೆಚ್ಚು ನೋವು ಕೊಟ್ಟಿತು.

ಬಸ್ಸಿಗೆ ಕಾದು ನಿಂತವನ ಮುಂದೆ ಮೀನಿನ ಟೆಂಪೋ ಬಂದು ನಿಂತಿತು. "ಉರ್ವ ಮಾರ್ಕೆಟಿಗೆ ಹೊರಟದ್ದು. ಬನ್ನಿ, ಹಾಗೆಯೇ ದೇರೆಬೈಲಿಗೆ ಬಿಡ್ತೇನೆ," ಎಂದ ದೂಮಪ್ಪ. ಸೀಟಿನಲ್ಲಿದ್ದ ಬಂಗುಡೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಲೋಕಯ್ಯ ಹತ್ತಿ ಕೂತ. ಬ್ಯಾಟರಿ ವಾಪಸ್ ಕೇಳಲೇ ಎಂದು ಎರಡು ಸಲ ಬಾಯಿ ತೆರೆದ. ಹೊಳೆಗೆ ಬಿಸಾಡು ಎಂದವನು ಯಾವ ಬಾಯಲ್ಲಿ ಕೇಳುವುದು? ಟೆಂಪೋ ಒಂದೇ ತಿರುವಿಗೆ ಸ್ಟಾರ್ಟ್ ಆಯಿತು.

ಸ್ವಲ್ಪ ದೂರ ಹೋದ ಮೇಲೆ ದೂಮಪ್ಪನಿಗೆ ತಡೆಯಲಾಗಲಿಲ್ಲ. "ಒಂದು ಕೇಳ್ಲಾ ಲೋಕಯ್ಯಣ್ಣ? ನನ್ನ ಕಣ್ಣಿಗೆ ಆ ಬ್ಯಾಟರಿ ಹೊಸತರ ಹಾಗೆಯೇ ಕಾಣ್ತದೆ. ಅದನ್ನು ಬದಲಿಸುವ ಟೈಮ್ ಬಂತು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಲೋಕಯ್ಯ ಜಾರುತ್ತಿದ್ದ ಬುಟ್ಟಿಯನ್ನು ಮೇಲೆಳೆದುಕೊಂಡ.

"ಅದಕ್ಕೆಲ್ಲ ಅನುಭವ ಬೇಕು ದೂಮಪ್ಪಣ್ಣ," ಎಂದ.