ಶೀಟು ಇಳಿದ ಶಾಲೆ

ಸೋಮವಾರ ಬೆಳಿಗ್ಗೆ ಹೆಡ್ಮಾಸ್ಟರ್ ಭೀಮರಾಜ್ ಬೈಕು ನಿಲ್ಲಿಸಿ ತಲೆಯೆತ್ತಿ ನೋಡಿದಾಗ ನಲ್ಲಗುಟ್ಟಪಲ್ಲಿ ಸರ್ಕಾರಿ ಶಾಲೆಯ ಮೇಲೆ ನೀಲಿ ತಗಡು ಹೊಳೆಯುತ್ತಿತ್ತು. ಶನಿವಾರ ಅವರು ಬೀಗ ಹಾಕಿಕೊಂಡು ಮುಳಬಾಗಿಲಿಗೆ ಹೋಗುವಾಗ ಅಲ್ಲಿದ್ದದ್ದು ಮೂವತ್ತು ವರ್ಷದ ಹಳೆಯ ಕಲ್ನಾರು ಶೀಟು, ಅಂದರೆ ಆಸ್ಬೆಸ್ಟಾಸ್. ಅದರ ದೂಳು ಮಕ್ಕಳ ಎದೆಗೆ ಒಳ್ಳೆಯದಲ್ಲ ಎಂದು ಅವರು ನಾಲ್ಕು ವರ್ಷ ಅರ್ಜಿ ಬರೆದಿದ್ದರು. ಕೊನೆಗೂ ಸರ್ಕಾರ ಅಂಥ ಶಾಲೆಗಳಿಗೆ ಹೊಸ ಚಾವಣಿಗೆ ಅನುದಾನ ಕೊಡುವುದಾಗಿ ಹೇಳಿತ್ತು. ಅವತ್ತು ಮಧ್ಯಾಹ್ನ ಮೂರಕ್ಕೆ ಇಂಜಿನಿಯರ್ ಬಂದು ಶೀಟನ್ನು ಕಣ್ಣಾರೆ ನೋಡುವುದಿತ್ತು.

ಶಾಲಾ ಸಮಿತಿ ಅಧ್ಯಕ್ಷ ಆವಲಪ್ಪ ಮೆಟ್ಟಿಲ ಮೇಲೆ ಕೂತು, ಮಗಳ ಮದುವೆ ಮುಗಿಸಿದವನ ಹಾಗೆ ಬೆವರು ಒರೆಸಿಕೊಳ್ಳುತ್ತಿದ್ದ.

"ಹೆಂಗೈತೆ ಸಾರ್?"

"ಯಾರು ಇದನ್ನ ಮಾಡಿದ್ದು?"

"ನಾನೇ. ಇಂಜಿನಿಯರ್ ಬಂದು ಚಾವಣಿ ಡೇಂಜರ್ ಅಂತ ಬರ್ಕೊಂಡು ಹೋಗ್ತಾರೆ ಅಂದ್ರಲ್ಲ ನೀವು. ಡೇಂಜರ್ ಅಂದ್ಮೇಲೆ ಸ್ಕೂಲ್ ಮುಚ್ಚಿಸಲ್ವಾ? ಅದಕ್ಕೆ ನಿನ್ನೇನೇ ನನ್ ಟೊಮೇಟೊ ಶೆಡ್ಡಿನ ತಗಡು ಬಿಚ್ಚಿ ತಂದು ಹಾಕಿಸ್ದೆ. ಹಳೇ ಶೀಟು ಕೇಳ್ದೋರಿಗೆಲ್ಲ ಕೊಟ್ಬಿಟ್ಟೆ."

ಭೀಮರಾಜ್ ಅವನ ಪಕ್ಕದಲ್ಲೇ ಕೂತರು. "ಆವಲಪ್ಪನೋರೆ, ಡೇಂಜರ್ ಇದ್ರೇನೇ ಅನುದಾನ ಬರೋದು."

ಆವಲಪ್ಪ ಟವೆಲು ಕೊಡವಿ ಎದ್ದ. "ಹಂಗಾದ್ರೆ ಡೇಂಜರ್ ವಾಪಸ್ ಹಾಕಣ."

ಸಹಶಿಕ್ಷಕಿ ವಾಣಿಶ್ರೀ, "ಸಾರ್, ಇಂಜಿನಿಯರಿಗೆ ಒಂದು ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳ್ಬಿಡಿ" ಎಂದರು.

"ಫೋನ್ ಮಾಡಿದ್ರೆ ಇಲ್ಲದ ಪ್ರಶ್ನೆಯೆಲ್ಲ ಕೇಳ್ತಾರೆ ಮೇಡಂ" ಎಂದರು ಭೀಮರಾಜ್. ವಾಣಿಶ್ರೀ ಮಕ್ಕಳನ್ನೆಲ್ಲ ಊರಾಚೆಯ ಹುಣಸೆ ಮರದಡಿಗೆ ಕರೆದುಕೊಂಡು ಹೋದರು.

ಒಟ್ಟು ಹದಿನಾಲ್ಕು ಶೀಟು. ಐದು ಕದಿರಮ್ಮನ ಕೊಟ್ಟಿಗೆಯ ಮೇಲಿದ್ದವು.

"ನಿನ್ನೆ ಕೊಟ್ಟು ಇವತ್ತು ಕಿತ್ಕೊಳ್ಳೋದು ಯಾವ ನ್ಯಾಯ ಮೇಷ್ಟ್ರೇ? ಹಸು ಇವಾಗ ತಾನೆ ನೆರಳಲ್ಲಿ ಮಲಗೈತೆ."

"ಅಮ್ಮಾ, ಆ ಶೀಟು ವಿಷ ಇದ್ದಂಗೆ. ಹಸುಗೆ ಒಳ್ಳೇದಲ್ಲ."

"ಹಂಗಾದ್ರೆ ಮಕ್ಳ ತಲೆ ಮೇಲೆ ಯಾಕೆ ಹಾಕ್ತೀರ?"

ಭೀಮರಾಜರ ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಯಾವ ವಿದ್ಯಾರ್ಥಿಯೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಅವರು ಶಾಲೆಯ ದಾಖಲಾತಿ ಆಂದೋಲನದ ಬ್ಯಾನರ್ ತರಿಸಿ ಕೊಟ್ಟಿಗೆಗೆ ಕಟ್ಟಿಸಿದರು. 'ಬನ್ನಿ, ಶಾಲೆಗೆ ಸೇರಿ' ಎಂಬ ಅಕ್ಷರಗಳ ಕೆಳಗೆ ಹಸು ಮತ್ತೆ ಮಲಗಿತು.

ನಾಲ್ಕು ಶೀಟುಗಳಿಂದ ಹಾಲಿನ ಡೇರಿಯ ಗಂಗುಲಪ್ಪ ಬಚ್ಚಲು ಕಟ್ಟಿಕೊಂಡಿದ್ದ. ಅದರೊಳಗೇ ಇದ್ದ.

"ಗಂಗುಲಪ್ಪ, ಸ್ವಲ್ಪ ಬೇಗ ಬಾಪ್ಪ."

"ಸೋಪು ಹಚ್ಕೊಂಡಿದೀನಿ ಸಾರ್."

"ನಾವು ಮೂರು ಕಡೆ ಬಿಚ್ಕೊಳ್ತೀವಿ. ಸ್ನಾನ ಮುಗಿಯೋ ತನಕ ಒಂದು ಕಡೆ ನಿನಗಿರ್ಲಿ."

"ರೋಡು ಯಾವ ಕಡೆಗೈತೆ ನೋಡಿ ಬಿಚ್ಚಿ ಸಾರ್" ಎಂದು ಒಳಗಿನಿಂದ ದನಿ ಬಂತು.

ಉಳಿದ ಐದು ಕೋಳಿಗೂಡು, ಸೌದೆ ರಾಶಿಗಳ ಮೇಲಿಂದ ಇಳಿದು ಬಂದವು. ದೂಳು ಏಳಬಾರದೆಂದು ಅವಕ್ಕೆಲ್ಲ ನೀರು ಸುರಿದು, ಮುಖಕ್ಕೆ ಟವೆಲು ಸುತ್ತಿಕೊಂಡು ಆರು ಜನ ಸೂರು ಹತ್ತಿ ನೀಲಿ ತಗಡು ಇಳಿಸಿದರು. ಹಳೆಯ ಬೋಲ್ಟು ಕಳೆದುಹೋಗಿದ್ದರಿಂದ ಭೀಮರಾಜ್ ಬೈರಕೂರಿಗೆ ಹೋಗಿ ಹೊಸದನ್ನು ತಂದರು. ಬಿಸಿಲಿಗೆ ಮುಖವೆಲ್ಲ ಸುಟ್ಟ ಬದನೆಕಾಯಿಯಾಗಿತ್ತು. ಎರಡೂ ಮುಕ್ಕಾಲಿಗೆ ಕೊನೆಯ ಶೀಟು ಕೂತಿತು. ನೀಲಿ ತಗಡುಗಳನ್ನು ಹೊತ್ತ ಟ್ರಾಕ್ಟರು ಆವಲಪ್ಪನ ಶೆಡ್ಡಿನ ಕಡೆ ಹೊರಟಿತು.

ಮೂರಕ್ಕೆ ಸರಿಯಾಗಿ ಇಂಜಿನಿಯರ್ ಮುನಿಕೃಷ್ಣ ಜೀಪಿನಿಂದ ಇಳಿದವರು ಮೇಲೆ ನೋಡಿ ಮುಖ ಸಣ್ಣ ಮಾಡಿಕೊಂಡರು.

"ಶೀಟು ಇನ್ನೂ ಹಂಗೇ ಇದೆಯಲ್ರೀ?"

"ಹಂಗೇ ಇದೆ ಸಾರ್!" ಭೀಮರಾಜ್ ಎದೆಯುಬ್ಬಿಸಿದರು. "ಒಂದೂ ಅಲ್ಲಾಡಿಲ್ಲ."

"ಛೆ. ಅರ್ಜಿ ಜಾಸ್ತಿ ಬಂತು ಅಂತ ಬೆಳಿಗ್ಗೆ ಆದೇಶ ಬದಲಾಯ್ತು. ಊರಿನೋರೇ ಕಲ್ನಾರು ಇಳಿಸಿ, ಸದ್ಯಕ್ಕೆ ತಗಡು ಹಾಕ್ಕೊಂಡಿರೋ ಶಾಲೆಗೆ ಮಾತ್ರ ಈ ವರ್ಷ ದುಡ್ಡು, ಅದೂ ಪೂರ್ತಿ ಹೊಸ ಕಟ್ಟಡಕ್ಕೆ. ದಾರೀಲಿ ಒಂದು ಟ್ರಾಕ್ಟರಲ್ಲಿ ನೀಲಿ ತಗಡು ನೋಡ್ದೆ. ಇಲ್ಲಿಗೇ ಬರ್ತಿದೆ ಅಂದ್ಕೊಂಡೆ."

ಆವಲಪ್ಪ ಒಮ್ಮೆ ಕೆಮ್ಮಿದ.

"ಒಂದು ಗಂಟೆ ಕೊಡಿ ಸಾರ್" ಎಂದರು ಭೀಮರಾಜ್. "ಇಳಿಸ್ಬಿಡ್ತೀವಿ."

"ಮುಟ್ಟೀರಿ, ಜೋಕೆ! ಇನ್ಮೇಲೆ ತರಬೇತಿ ಆದೋರೇ ಇಳಿಸ್ಬೇಕು ಅಂತ ಅದೇ ಆದೇಶದಲ್ಲಿದೆ."

"ಅವರು ಎಲ್ಲಿ ಸಿಗ್ತಾರೆ ಸಾರ್?"

"ತರಬೇತಿ ಇನ್ನೂ ಶುರುವಾಗಿಲ್ಲ."

ಮುನಿಕೃಷ್ಣ ಏಣಿ ಹತ್ತಿ, ಒಂದು ಶೀಟನ್ನು ಹಿಡಿದು ಅಲ್ಲಾಡಿಸಿದರು. ಅದು ಅಲ್ಲಾಡಲಿಲ್ಲ. ಹೊಸ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ಮೆಚ್ಚುಗೆಯಿಂದ ತಲೆದೂಗಿದರು. ಕೆಳಗಿಳಿದು ತಪಾಸಣಾ ಪುಸ್ತಕದಲ್ಲಿ ದುಂಡಗೆ ಬರೆದರು: 'ಚಾವಣಿಯನ್ನು ಅತ್ಯಂತ ಭದ್ರವಾಗಿ ಕಾಪಾಡಿಕೊಂಡಿದ್ದಾರೆ. ತುರ್ತು ಇಲ್ಲ. ಐದು ವರ್ಷದ ನಂತರ ಪರಿಶೀಲಿಸಬಹುದು.'

"ಮುಖ್ಯೋಪಾಧ್ಯಾಯರು ಇಲ್ಲಿ ಸಹಿ ಹಾಕಿ."

ಭೀಮರಾಜ್ ಹಾಕಿದರು.